ವಕಾಲತ್ತುನಾಮೆಗೆ ಸಹಿ ಹಾಕಿದವರು ಯಾರು?

ವಕೀಲ ಎಂಬ ಶಬ್ದ ಅರಬಿಯಿಂದ ಫಾರಸಿಗೆ, ಅಲ್ಲಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಕನ್ನಡಕ್ಕೆ ಬಂದದ್ದು. ಕಪ್ಪು ಕೋಟು ತೊಟ್ಟು ಕೋರ್ಟಿಗೆ ಹೋಗುವವರು ಮಾತ್ರ ವಕೀಲರು ಎಂದು ನಾವು ತಿಳಿದುಕೊಂಡಿದ್ದೇವೆ. ಮೂಲದಲ್ಲಿ ಅದರ ಅರ್ಥ ಇನ್ನೂ ದೊಡ್ಡದು. ಯಾರ ಕೈಗೆ ಇನ್ನೊಬ್ಬರು ತಮ್ಮ ಕೆಲಸವನ್ನು ನಂಬಿ ಒಪ್ಪಿಸಿದ್ದಾರೋ ಅವನೇ ವಕೀಲ. ನಮ್ಮ ನಿಕಾಹ್‌ಗಳಲ್ಲಿ ಇಬ್ಬರು ಸಾಕ್ಷಿಗಳೊಂದಿಗೆ ವಧುವಿನ ಬಳಿ ಹೋಗಿ, ಆಕೆಯ ಒಪ್ಪಿಗೆ ಕೇಳಿಕೊಂಡು ಮಜ್ಲಿಸ್‌ಗೆ ಬಂದು ಹೇಳುವ ಹಿರಿಯನನ್ನೂ ವಕೀಲ ಎಂದೇ ಕರೆಯುತ್ತೇವೆ. ಎರಡು ಕಡೆಯೂ ನಿಯಮ ಒಂದೇ. ಒಪ್ಪಿಸಿದವರು ಇಲ್ಲದೆ ವಕೀಲನಿಲ್ಲ. ಎಷ್ಟೇ ದೊಡ್ಡ ನ್ಯಾಯವಾದಿಯಾದರೂ ಕಕ್ಷಿದಾರ ಸಹಿ ಮಾಡಿದ ವಕಾಲತ್ತುನಾಮೆ ಇಲ್ಲದೆ ಆತನ ಪರವಾಗಿ ಬಾಯಿ ತೆರೆಯುವಂತಿಲ್ಲ.

ಕೋರ್ಟಿನ ಗೇಟಿನಿಂದ ಹೊರಗೆ ಬಂದರೆ ಈ ನಿಯಮ ಯಾರಿಗೂ ಬೇಕಾಗಿಲ್ಲ. ಬಡವರ ಪರವಾಗಿ ಬಡವರಲ್ಲದವರು, ಹೆಣ್ಣುಮಕ್ಕಳ ಪರವಾಗಿ ಗಂಡಸರು, ಹಳ್ಳಿಯವರ ಪರವಾಗಿ ನಗರದವರು ದಿನವೂ ಮಾತಾಡುತ್ತಿರುತ್ತಾರೆ. ಯಾರೂ ಯಾರಿಗೂ ಸಹಿ ಮಾಡಿಕೊಟ್ಟಿಲ್ಲ. ಮಾತಾಡುವವರಲ್ಲಿ ಕೆಟ್ಟವರೂ ಇದ್ದಾರೆ, ನಿಜವಾದ ಮರುಕ ಇರುವವರೂ ಇದ್ದಾರೆ. ಕೆಟ್ಟವರ ವಿಷಯ ಬಿಡೋಣ, ಅವರನ್ನು ಗುರುತಿಸುವುದು ಸುಲಭ. ಕಷ್ಟದ ಪ್ರಶ್ನೆ ಒಳ್ಳೆಯವರದ್ದು. ಒಳ್ಳೆಯ ಮನಸ್ಸು ಒಂದಿದ್ದರೆ ಇನ್ನೊಬ್ಬರ ಪರವಾಗಿ ಮಾತಾಡುವ ಅಧಿಕಾರ ತಾನಾಗಿಯೇ ಬಂದುಬಿಡುತ್ತದೆಯೇ? ಈ ಪ್ರಶ್ನೆಯನ್ನು ಕಿವುಡರ ವಿಷಯದಲ್ಲಿ ಕೇಳಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಲಾಗದು. ಏಕೆಂದರೆ ಅವರ ಬಗ್ಗೆ ಎಲ್ಲರೂ ಮೊದಲೇ ಒಪ್ಪಿಬಿಟ್ಟಿರುವ ಒಂದು ಮಾತಿದೆ: ‘ಪಾಪ, ಅವರಿಗೆ ಮಾತು ಬರುವುದಿಲ್ಲ, ನಾವಲ್ಲದೆ ಇನ್ಯಾರು ಮಾತಾಡಬೇಕು?’

ಮೊದಲು ಈ ಮಾತನ್ನೇ ಪರೀಕ್ಷಿಸಬೇಕಾಗಿದೆ. ಕಿವುಡರಿಗೆ ಮಾತು ಬರುವುದಿಲ್ಲ ಎನ್ನುವುದು ನಿಜವೇ? ನಮ್ಮ ಓಣಿಗಳಲ್ಲಿ ಅವರಿಗೆ ಹೆಸರೇ ಇರುವುದಿಲ್ಲ. ಕನ್ನಡದಲ್ಲಿ ‘ಮೂಗ’, ಉರ್ದುವಿನಲ್ಲಿ ‘ಗೂಂಗಾ’. ಸರ್ಕಾರ ಈ ಶಬ್ದಗಳನ್ನು ಬಿಟ್ಟು ‘ವಾಕ್ ಮತ್ತು ಶ್ರವಣ ದೋಷವುಳ್ಳವರು’ ಎಂದಿತು. ಶಬ್ದ ಮರ್ಯಾದೆಯದ್ದಾಯಿತು, ಅರ್ಥ ಬದಲಾಗಲಿಲ್ಲ. ವಾಕ್ಕಿನಲ್ಲೂ ದೋಷ ಇದೆ ಎಂದೇ ಅದು ಹೇಳುತ್ತದೆ. ಬಹುಪಾಲು ಕಿವುಡರ ಗಂಟಲಿನಲ್ಲಿ ಯಾವ ದೋಷವೂ ಇಲ್ಲ. ಕೇಳದ ಭಾಷೆಯನ್ನು ಆಡಲು ಅವರಿಗೆ ಬರುವುದಿಲ್ಲ, ಅಷ್ಟೆ. ಕಾಣುವ ಭಾಷೆಯೊಂದು ಸಿಕ್ಕರೆ ಅವರು ನಮ್ಮಷ್ಟೇ ಮಾತಾಡುತ್ತಾರೆ. ಜಗಳವಾಡುತ್ತಾರೆ, ಚಾಡಿ ಹೇಳುತ್ತಾರೆ, ತಮಾಷೆ ಮಾಡುತ್ತಾರೆ, ದುಆ ಮಾಡುತ್ತಾರೆ.

ಸನ್ನೆ ಭಾಷೆ ಎಂದರೆ ಕೈಬಾಯಿ ಆಡಿಸಿ ಹೇಗೋ ಹೇಳುವುದು ಎಂದು ತಿಳಿದವರೇ ಹೆಚ್ಚು. ಅದಕ್ಕೆ ತನ್ನದೇ ವ್ಯಾಕರಣ ಇದೆ ಎಂದು ಅಮೆರಿಕದ ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿಕೊಟ್ಟ ಮೇಲೆ ವಿದ್ವಾಂಸರ ನಡುವೆ ಈ ವಾದ ನಿಧಾನವಾಗಿ ಮುಗಿಯಿತು. ನಮ್ಮ ಭಾರತೀಯ ಸನ್ನೆ ಭಾಷೆ ಅಮೆರಿಕದ್ದಕ್ಕಿಂತ ಬೇರೆಯದೇ ಭಾಷೆ. ಅದರಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ‘ನಿನ್ನ ಹೆಸರು ಏನು’ ಎಂಬ ನಮ್ಮ ಕನ್ನಡದ ಹಾಗೆಯೇ. ಹುಬ್ಬು, ಕಣ್ಣು, ತಲೆಯ ವಾಲುವಿಕೆ ಎಲ್ಲಕ್ಕೂ ಅಲ್ಲಿ ವ್ಯಾಕರಣದ ಕೆಲಸವಿದೆ.

ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಅಲೀಪುರವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಶಿಯಾ ಮುಸಲ್ಮಾನರು ಹೆಚ್ಚಾಗಿರುವ ಊರು, ಹರಳುಗಳ ವ್ಯಾಪಾರಕ್ಕೆ ಹೆಸರಾದದ್ದು, ಮುಹರ್ರಮ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಆ ಊರಿಗೆ ಇನ್ನೊಂದು ಹೆಗ್ಗಳಿಕೆ ಇದೆ, ಅದು ಕರ್ನಾಟಕದಲ್ಲಿ ಅಷ್ಟಾಗಿ ತಿಳಿದಿಲ್ಲ. ಅಲ್ಲಿ ಹುಟ್ಟು ಕಿವುಡರ ಸಂಖ್ಯೆ ಬೇರೆ ಊರುಗಳಿಗಿಂತ ಹೆಚ್ಚು. ಊರೊಳಗೇ, ನೆಂಟರೊಳಗೇ ಮದುವೆಯಾಗುತ್ತ ಬಂದ ಕಡೆಗಳಲ್ಲಿ ಇಂಥ ಕಿವುಡು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದುಂಟು. ಸುಮಾರು ನೂರೈವತ್ತು ಕಿವುಡರಿದ್ದ ಆ ಊರಿನಲ್ಲಿ ಯಾವ ಶಾಲೆಯೂ ಕಲಿಸದೆ, ಯಾವ ಇಲಾಖೆಯೂ ಆದೇಶ ಹೊರಡಿಸದೆ ಒಂದು ಸನ್ನೆ ಭಾಷೆ ಹುಟ್ಟಿಕೊಂಡಿತು. ಮುಖ್ಯವಾದ ಸಂಗತಿ ಎಂದರೆ ಕಿವಿ ಕೇಳುವವರಲ್ಲಿಯೂ ಬಹಳ ಮಂದಿ ಅದನ್ನು ಬಲ್ಲರು. ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಸಿಬಾಜಿ ಪಾಂಡಾ ಅಲ್ಲಿ ಅಧ್ಯಯನ ಮಾಡಿ, ಜಗತ್ತಿನ ಹಳ್ಳಿಗಳ ಸನ್ನೆ ಭಾಷೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಸಂಪುಟದಲ್ಲಿ ‘ಅಲೀಪುರ ಸನ್ನೆ ಭಾಷೆ’ ಎಂದೇ ಅದನ್ನು ದಾಖಲಿಸಿದರು. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲೂ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಇತ್ತು ಎಂದು ನೋರಾ ಗ್ರೋಸ್ ಎಂಬ ಮಾನವಶಾಸ್ತ್ರಜ್ಞೆ 1985ರಲ್ಲಿ ಬರೆದರು.

ಅಲೀಪುರವನ್ನು ನಾನು ಜನ್ನತ್ ಎನ್ನುತ್ತಿಲ್ಲ. ಬೇರೆ ಊರಿನ ಕಷ್ಟಗಳೆಲ್ಲ ಆ ಊರಿಗೂ ಇರುತ್ತವೆ. ಆದರೆ ಅಂಗಡಿಯವನಿಗೆ, ನೆರೆಯವರಿಗೆ, ಚಿಕ್ಕಮ್ಮನ ಮಕ್ಕಳಿಗೆ ಸನ್ನೆ ಗೊತ್ತಿರುವ ಕಡೆ ಕಿವುಡನಿಗೆ ಸಾಮಾನು ಕೊಳ್ಳಲು ವಕೀಲ ಬೇಕಾಗುವುದಿಲ್ಲ. ಅಂದರೆ, ಕಿವುಡರ ಪರವಾಗಿ ಮಾತಾಡುವವರು ಬೇಕಾಗಿ ಬಂದದ್ದು ಅವರ ಕಿವಿಯಿಂದಲ್ಲ, ನಮಗೆ ಅವರ ಭಾಷೆ ಬಾರದ್ದರಿಂದ. ಈ ತಿಳಿವಳಿಕೆಯಿಂದ ಹೊರಟರೆ ಮುಂದಿನ ಪ್ರಶ್ನೆಗಳ ದಿಕ್ಕೇ ಬದಲಾಗುತ್ತದೆ.

ಒಳ್ಳೆಯ ಮನಸ್ಸಿನವರು ವಕಾಲತ್ತುನಾಮೆ ಇಲ್ಲದೆ ತೀರ್ಪು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿತು. 164 ಪ್ರತಿನಿಧಿಗಳಲ್ಲಿ ಕಿವುಡರೆಂದರೆ ಒಬ್ಬರೇ, ಜೇಮ್ಸ್ ಡೆನಿಸನ್. ಸನ್ನೆಗಿಂತ ಬಾಯಿಮಾತು ಶ್ರೇಷ್ಠ, ಶಾಲೆಗಳಲ್ಲಿ ಬಾಯಿಮಾತಿನಿಂದಲೇ ಕಲಿಸಬೇಕು ಎಂದು ಸಭೆ ಭಾರಿ ಬಹುಮತದಿಂದ ನಿರ್ಣಯಿಸಿತು. ಯುರೋಪಿನಲ್ಲೂ ಅಮೆರಿಕದಲ್ಲೂ ಶಾಲೆ ಶಾಲೆಗಳಿಂದ ಸನ್ನೆ ಹೊರಹೋಯಿತು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಸನ್ನೆ ಮಾಡಿದ ಮಕ್ಕಳ ಕೈಗಳಿಗೆ ಏಟು ಬಿತ್ತು. ನಮ್ಮ ದೇಶದ ಶಾಲೆಗಳಿಗೂ ಇದೇ ಪದ್ಧತಿ ಬಂದಿತು. ಮಗು ಮೇಷ್ಟರ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಒಮ್ಮೆ ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ‘ಪಾಪಾ, ಬಾಬಾ, ಮಾಮಾ’ ಎಂದು ತುಟಿಯಾಡಿಸಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಅಪ್ಪ ಯಾರು, ಮಾವ ಯಾರು ಎಂದು ತಿಳಿಯಲಾಗದ ಮಗುವನ್ನು ನಾವು ದಡ್ಡ ಎಂದು ಕರೆದೆವು.

ಮಿಲಾನಿನಲ್ಲಿ ಸೇರಿದವರು ರಾಕ್ಷಸರಲ್ಲ. ಪಾದ್ರಿಗಳಿದ್ದರು, ಶಿಕ್ಷಕರಿದ್ದರು, ಕಿವುಡ ಮಕ್ಕಳಿಗಾಗಿ ಜೀವಮಾನ ಸವೆಸಿದವರಿದ್ದರು. ಈ ಮಕ್ಕಳು ಎಲ್ಲರಂತೆ ಮಾತಾಡಲಿ ಎಂಬ ಆಸೆಯೇ ಅವರದ್ದು. ಅವರ ದರ್ದ್ ಸುಳ್ಳಲ್ಲ, ಅವರ ವಕಾಲತ್ತು ಸುಳ್ಳು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕಿವುಡರೇ ಸೇರಿ ತಮ್ಮ ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದರು. ಅವರು ಏನು ಹೇಳುತ್ತಾರೆಂದು ಮಿಲಾನಿನವರು ಕೇಳಬಹುದಿತ್ತು. ನಿರ್ಣಯದ ಬಗ್ಗೆ ವಿಷಾದ ವ್ಯಕ್ತಪಡಿಸಲು ಅದೇ ಸಮ್ಮೇಳನಕ್ಕೆ 130 ವರ್ಷ ಬೇಕಾಯಿತು. ಅದು ನಡೆದದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಕಿವುಡರಿಗೆಂದೇ 1864ರಿಂದ ನಡೆಯುತ್ತಿರುವ ವಾಷಿಂಗ್ಟನ್ನಿನ ಗ್ಯಾಲಡೆಟ್ ಸಂಸ್ಥೆಗೆ 124 ವರ್ಷ ಕಿವುಡರೊಬ್ಬರೂ ಮುಖ್ಯಸ್ಥರಾಗಿರಲಿಲ್ಲ. 1988ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಗೇಟು ಮುಚ್ಚಿ ಒಂದು ವಾರ ಹೋರಾಡಿದ ಮೇಲೆ ಕಿಂಗ್ ಜೋರ್ಡಾನ್ ಮೊದಲ ಕಿವುಡ ಅಧ್ಯಕ್ಷರಾದರು.

ಈಗ ನಮ್ಮ ಊರಿನ ಸಂಘಗಳ ಕಡೆ ನೋಡೋಣ. ಜಗತ್ತಿನ ಕಿವುಡರ ಚಳವಳಿ ಒಂದು ಸಣ್ಣ ವ್ಯತ್ಯಾಸವನ್ನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿದೆ: ಕಿವುಡರಿಗಾಗಿ ಇರುವ ಸಂಘ ಬೇರೆ, ಕಿವುಡರ ಸಂಘ ಬೇರೆ. ಮೊದಲನೆಯದನ್ನು ಕೇಳುವವರು ನಡೆಸುತ್ತಾರೆ. ಅದಕ್ಕೆ ಕಟ್ಟಡ ಇರುತ್ತದೆ, ದಾನಿಗಳಿರುತ್ತಾರೆ, ವಾರ್ಷಿಕೋತ್ಸವ ಇರುತ್ತದೆ. ಎರಡನೆಯದು ಹೆಚ್ಚಾಗಿ ಬಾಡಿಗೆಯ ಒಂದು ಕೋಣೆ, ಇಲ್ಲವೇ ಭಾನುವಾರ ಸಂಜೆ ಒಂದು ಪಾರ್ಕಿನ ಮೂಲೆ. ಆದರೆ ಅಲ್ಲಿ ಅಧ್ಯಕ್ಷನೂ ಕಿವುಡ, ಖಜಾಂಚಿಯೂ ಕಿವುಡ, ಅವರನ್ನು ಚುನಾವಣೆಯಲ್ಲಿ ಸೋಲಿಸುವವರೂ ಕಿವುಡರು. ವಾರವಿಡೀ ಕೇಳುವವರ ನಡುವೆ ತಲೆಯಾಡಿಸಿ ದಣಿದವರು ಅಲ್ಲಿ ಬಂದು ಮನಸಾರೆ ಮಾತಾಡುತ್ತಾರೆ. ಕೆಲಸ ಎಲ್ಲಿ ಖಾಲಿ ಇದೆ, ಅಂಗವಿಕಲರ ಕಾರ್ಡಿಗೆ ಯಾವ ಕಾಗದ ಬೇಕು, ಪೊಲೀಸು ಠಾಣೆಗೆ ಹೋಗಬೇಕಾದರೆ ದುಭಾಷಿ ಯಾರು ಬರುತ್ತಾರೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಮದುವೆ ಸಂಬಂಧಗಳೂ ಕುದುರುತ್ತವೆ. ದೆಹಲಿಯಲ್ಲಿ 1950ರಲ್ಲೇ ಇಂಥ ಸಂಘ ಹುಟ್ಟಿತು. 1955ರಲ್ಲಿ ಅಖಿಲ ಭಾರತ ಒಕ್ಕೂಟವಾಯಿತು. 1973ರಲ್ಲಿ ದೆಹಲಿಯ ಕಿವುಡ ಹೆಣ್ಣುಮಕ್ಕಳು ತಮ್ಮದೇ ಪ್ರತಿಷ್ಠಾನ ಮಾಡಿಕೊಂಡರು. ಗಂಡಸರ ಸಂಘದಲ್ಲಿ ತಮ್ಮ ಮಾತು ನಡೆಯದೆಂದು ತಿಳಿದವರಿಗೆ ಇದು ಅರ್ಥವಾಗುತ್ತದೆ.

ಉರ್ದುವಿನಲ್ಲಿ ಖಿದ್ಮತ್ ಎಂಬ ಮಾತಿದೆ, ಹಕ್ ಎಂಬ ಮಾತಿದೆ. ಎರಡೂ ಪವಿತ್ರವಾದ ಮಾತುಗಳೇ. ಖಿದ್ಮತ್ ಮಾಡುವವನು ಕೊಡುತ್ತಾನೆ, ಹಕ್ ಇರುವವನು ಪಡೆಯುತ್ತಾನೆ. ರಮಝಾನಿನಲ್ಲಿ ಕಿವಿ ಮೆಷಿನ್ ಹಂಚುವ ಸಭೆಗಳನ್ನು ಎಲ್ಲರೂ ನೋಡಿದ್ದೇವೆ. ವೇದಿಕೆ, ಹಾರ, ಪತ್ರಿಕೆಗೆ ಒಂದು ಫೋಟೋ. ಮೆಷಿನ್ ಎಂದರೆ ಕನ್ನಡಕವಲ್ಲ. ಕಿವಿಯ ಪರೀಕ್ಷೆ ಮಾಡಿ ಅದಕ್ಕೆ ತಕ್ಕಂತೆ ಹೊಂದಿಸಬೇಕು, ಕಿವಿಯ ಅಳತೆಗೆ ಅಚ್ಚು ಮಾಡಿಸಬೇಕು, ಬ್ಯಾಟರಿ ಬದಲಿಸುತ್ತಿರಬೇಕು. ಅದಿಲ್ಲದಿದ್ದರೆ ಎರಡೇ ತಿಂಗಳಲ್ಲಿ ಅದು ಅಲಮಾರಿನ ಡ್ರಾಯರು ಸೇರುತ್ತದೆ, ಫೋಟೋ ಮಾತ್ರ ಗೋಡೆಯ ಮೇಲೆ ಉಳಿಯುತ್ತದೆ. ಕೊಡುವುದು ತಪ್ಪೆಂದು ಹೇಳುತ್ತಿಲ್ಲ. ‘ನಿಮಗೆ ಬೇಕಾದದ್ದೇನು?’ ಎಂದು ಅವರ ಭಾಷೆಯಲ್ಲಿ ಕೇಳದೆ ಕೊಡುವುದು ಮಿಲಾನಿನ ಸಣ್ಣ ಪ್ರತಿ ಎಂದಷ್ಟೇ ಹೇಳುತ್ತಿದ್ದೇನೆ.

ಕೇಳಿದ್ದರೆ ಏನು ಹೇಳುತ್ತಿದ್ದರು? ಒಂದು ಉತ್ತರ ನಮಗೆ ಗೊತ್ತಿದೆ. 2005ರಲ್ಲಿ ಹುಟ್ಟಿದ ಕಿವುಡರ ರಾಷ್ಟ್ರೀಯ ಸಂಘ ಕೋರ್ಟಿಗೆ ಹೋದದ್ದು ಡ್ರೈವಿಂಗ್ ಲೈಸೆನ್ಸಿಗಾಗಿ. ಕಿವಿ ಕೇಳದವರಿಗೆ ಲೈಸೆನ್ಸ್ ಇಲ್ಲ ಎಂದು ಪರೀಕ್ಷೆಯನ್ನೂ ಮಾಡದೆ ವಾಪಸು ಕಳಿಸುತ್ತಿದ್ದರು. ಚಾಲನೆಯ ಪರೀಕ್ಷೆಯಲ್ಲಿ ಪಾಸಾದವರಿಗೆ ಲೈಸೆನ್ಸ್ ಕೊಡಬೇಕು ಎಂದು ದೆಹಲಿ ಹೈಕೋರ್ಟ್ 2011ರಲ್ಲಿ ಹೇಳಿತು. ಕೇಳುವ ದಾನಿಗಳ ಪಟ್ಟಿಯಲ್ಲಿ ಈ ಬೇಡಿಕೆ ಯಾವತ್ತಾದರೂ ಬರುತ್ತಿತ್ತೇ? ಮರುಕ ಇರುವವನ ಕಣ್ಣಿಗೆ ಮೋಟಾರ್ ಸೈಕಲ್ ಮೇಲೆ ಕೂತ ಕಿವುಡ ಕಾಣುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಹೆಸರಿನಲ್ಲಿಯೇ ಹಕ್ಕು ಎಂಬ ಶಬ್ದ ಇದೆ. 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರ ಹೊತ್ತಿಗೆ ಹತ್ತು ಸಾವಿರ ಪದಗಳನ್ನು ಮುಟ್ಟಿತು. ಆದರೆ ಕಾಯ್ದೆಯ ಪುಸ್ತಕಕ್ಕಿಂತ ಹೆಚ್ಚಾಗಿ ನನಗೆ ಮುಖ್ಯವೆನಿಸುವುದು ಒಂದು ದೃಶ್ಯ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಮುಂದೆ ದುಭಾಷಿಯ ನೆರವಿನಿಂದ ಸನ್ನೆಯಲ್ಲಿ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆಕೆಯ ವಾದವನ್ನು ಆಲಿಸಿತು. ಇಲ್ಲಿ ಎಲ್ಲವೂ ತಿರುಗುಮುರುಗಾಗಿದೆ. ಯಾರ ಪರವಾಗಿ ಎಲ್ಲರೂ ಕೇಳದೆಯೇ ವಕಾಲತ್ತು ವಹಿಸುತ್ತಿದ್ದರೋ ಅವರಲ್ಲೊಬ್ಬರಿಗೆ ಕಕ್ಷಿದಾರರೊಬ್ಬರು ವಕಾಲತ್ತುನಾಮೆ ಬರೆದುಕೊಟ್ಟಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ವಿಷಯ ಸುಲಭವಾಗಿಬಿಡುತ್ತದೆ. ನ್ಯಾಯವಾಗಿಯೇ ಯಾರಾದರೂ ಕೇಳಬಹುದು: ಮೂರು ವರ್ಷದ ಕಿವುಡ ಮಗು ಯಾವ ವಕಾಲತ್ತುನಾಮೆಗೆ ಸಹಿ ಹಾಕುತ್ತದೆ? ಅದರ ಪರವಾಗಿ ಯಾರಾದರೂ ನಿರ್ಧರಿಸಲೇಬೇಕಲ್ಲ? ಅಮೆರಿಕದ ಲೆಕ್ಕದ ಪ್ರಕಾರ ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಅವರು ಮೊದಲು ಓಡುವುದು ಡಾಕ್ಟರ ಬಳಿಗೆ. ಕಿವಿಯ ಒಳಗೆ ಸಾಧನ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಈಗ ಸರ್ಕಾರದ ನೆರವಿನಲ್ಲೂ ಆಗುತ್ತಿದೆ. ಆಪರೇಷನ್ ಮಾಡಿಸುವುದೋ ಬಿಡುವುದೋ ಎಂದು ಮಗುವನ್ನು ಕೇಳಲಾಗದು, ಅದು ದೊಡ್ಡದಾಗುವವರೆಗೆ ಕಾಯಲೂ ಆಗದು. ತಡವಾದಷ್ಟೂ ಅದರ ಪ್ರಯೋಜನ ಕಡಿಮೆ.

ಇಲ್ಲಿ ಇನ್ನೊಂದು ಹಳೆಯ ಶಬ್ದ ನೆರವಿಗೆ ಬರುತ್ತದೆ: ವಲಿ. ವಲಿ ಎಂದರೆ ಪೋಷಕ. ವಕೀಲನನ್ನು ಕಕ್ಷಿದಾರ ನೇಮಿಸುತ್ತಾನೆ, ಬೇಡವೆನಿಸಿದರೆ ತೆಗೆದುಹಾಕುತ್ತಾನೆ. ವಲಿಯನ್ನು ಮಗು ನೇಮಿಸುವುದಿಲ್ಲ, ತೆಗೆಯುವುದೂ ಇಲ್ಲ. ಆದರೆ ಮಗು ಪ್ರಾಪ್ತವಯಸ್ಸಿಗೆ ಬಂದ ದಿನ ಅವನ ಅಧಿಕಾರ ಮುಗಿಯುತ್ತದೆ. ನಾವು ಕಿವುಡರಿಗೆ ಮಾಡಿದ ಅನ್ಯಾಯವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಅವರು ನಲವತ್ತು ವರ್ಷದವರಾದರೂ ನಾವು ವಲಿಗಳಾಗಿಯೇ ಉಳಿದುಬಿಟ್ಟೆವು.

ತಾಲೂಕು ಆಸ್ಪತ್ರೆಯೊಂದರ ಸಾಲಿನಲ್ಲಿ ನಾನು ಕಂಡದ್ದು ನೆನಪಿದೆ. ಬಸುರಿ ಹೆಣ್ಣುಮಗಳು, ಕಿವುಡಿ. ಜೊತೆಗೆ ಅತ್ತೆ. ಡಾಕ್ಟರು ಪ್ರಶ್ನೆಗಳನ್ನೆಲ್ಲ ಅತ್ತೆಗೇ ಕೇಳಿದರು. ‘ಅವಳಿಗೇನೂ ಇಲ್ಲ ಡಾಕ್ಟ್ರೇ, ಹೆದರಿಕೆ ಅಷ್ಟೆ’ ಎಂದರು ಅತ್ತೆ. ಆ ಹೆಂಗಸು ಪಕ್ಕೆಯ ಕೆಳಗೆ ಒಂದೇ ಜಾಗವನ್ನು ಬೆರಳಿನಿಂದ ಮತ್ತೆ ಮತ್ತೆ ಒತ್ತಿ ತೋರಿಸುತ್ತಿದ್ದಳು. ಡಾಕ್ಟರು ಚೀಟಿ ಬರೆದು ಅತ್ತೆಯ ಕೈಗೆ ಕೊಟ್ಟರು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ತನ್ನ ನೋವು ಎಲ್ಲಿದೆ ಎಂದು ಹೇಳುವ ಅಧಿಕಾರ ಮಾತ್ರ ಆ ಹೆಂಗಸಿಗೆ ಇರಲಿಲ್ಲ.

ಹಾಗಾದರೆ ಮಗುವಿನ ವಲಿ ಮಾಡಬೇಕಾದ ಕರ್ತವ್ಯ ಏನು? ಮುಂದೊಂದು ದಿನ ‘ಇನ್ನು ನೀವು ಸಾಕು, ನಾನೇ ಹೇಳುತ್ತೇನೆ’ ಎಂದು ಹೇಳಬಲ್ಲ ಶಕ್ತಿಯನ್ನು ಮಗುವಿಗೆ ಕೊಡುವುದು. ಆ ಶಕ್ತಿಯ ಹೆಸರು ಭಾಷೆ. ಮೆಷಿನ್ ಹಾಕಿಸಿ, ಆಪರೇಷನ್ ಮಾಡಿಸಿ, ಅದು ನಿಮ್ಮ ನಿರ್ಧಾರ. ಆದರೆ ಬಾಯಿಮಾತು ಬಂದೀತು ಎಂದು ಕಾಯುತ್ತ ಸನ್ನೆಯನ್ನು ತಡೆಹಿಡಿಯಬೇಡಿ. ಭಾಷೆ ಕಲಿಯುವ ಮೊದಲ ಐದಾರು ವರ್ಷ ಖಾಲಿಯಾಗಿ ಹೋದರೆ ಮುಂದೆ ಅದನ್ನು ತುಂಬಿಕೊಡುವುದು ಬಹಳ ಕಷ್ಟ. ಸನ್ನೆ ಕಲಿತ ಮಗುವಿಗೆ ಮಾತು ಬಾರದೆಂಬ ಭಯವೂ ಬೇಡ. ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿತ ನಮಗೆ ಒಂದು ಭಾಷೆ ಇನ್ನೊಂದನ್ನು ತಿಂದುಹಾಕುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಕಿವುಡರ ಸಂಘವೇ ಆದರೂ ಅದರ ಮುಂದಾಳು ಓದಿದವನು, ನಗರದವನು, ಬಹುಮಟ್ಟಿಗೆ ಗಂಡಸು. ಅವನು ಹಳ್ಳಿಯ ಕಿವುಡಿಯ ಪರವಾಗಿ ಮಾತಾಡಬಲ್ಲನೇ? ಅಲೀಪುರದ ವಿಷಯವನ್ನೇ ನೋಡಿ. ಬೆಂಗಳೂರಿನಂಥ ನಗರಗಳ ಸಂಪರ್ಕಕ್ಕೆ ಬಂದ ಅಲ್ಲಿನ ಕಿವುಡ ಯುವಕರು ಭಾರತೀಯ ಸನ್ನೆ ಭಾಷೆಗೆ ಹೊರಳುತ್ತಿದ್ದಾರೆ, ಊರಿನ ಭಾಷೆ ಕ್ಷೀಣಿಸುತ್ತಿದೆ. ದೇಶಕ್ಕೆಲ್ಲ ಒಂದು ಪ್ರಮಾಣಿತ ಸನ್ನೆ ಭಾಷೆ ಇದ್ದರೆ ಪಠ್ಯಪುಸ್ತಕಕ್ಕೆ, ದುಭಾಷಿಗಳಿಗೆ, ಕೆಲಸಕ್ಕೆ ಅನುಕೂಲ ಎಂಬುದು ನಿಜ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹಾಗೆ ಹೇಳಿ, ಸ್ಥಳೀಯ ಸನ್ನೆ ಭಾಷೆಗಳನ್ನೂ ಗೌರವಿಸಬೇಕು ಎಂದು ಸೇರಿಸಿತು. ಆದರೆ ಅಜ್ಜಿಯೊಂದಿಗೆ ಹರಟಬಲ್ಲ ಭಾಷೆ ಕಳೆದುಹೋದರೆ ಆ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ದೊಡ್ಡ ಭಾಷೆಯ ನೆರಳಿನಲ್ಲಿ ಸಣ್ಣ ಭಾಷೆ ಬಾಡುವ ಸಂಕಟ ಕಿವುಡರ ಲೋಕದಲ್ಲೂ ಇದೆ.

ನಮ್ಮ ಸಮುದಾಯಕ್ಕೆ ಇದೆಲ್ಲ ಅರ್ಥವಾಗಬೇಕು. ನಮ್ಮ ಬಗ್ಗೆ ನಮ್ಮನ್ನು ಕೇಳದೆ ಮಾತಾಡುವ ಟಿವಿ ಚರ್ಚೆಗಳಿಂದ ನಾವು ನೊಂದಿದ್ದೇವೆ. ಹಾಗೆಯೇ ಸಮುದಾಯದ ಹೆಸರಿನಲ್ಲಿ ವೇದಿಕೆ ಹತ್ತುವ ನಮ್ಮವರೇ ಆದ ಮುಖಂಡರನ್ನೂ ಕಂಡಿದ್ದೇವೆ. ಕಥೆ ಬರೆಯುವ ನನ್ನಂಥವರಿಗೂ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಮೂಕಿಯೊಬ್ಬಳನ್ನು ಕಣ್ಣೀರಿನ ಸಂಕೇತವಾಗಿ ನಿಲ್ಲಿಸಿದ ಕಥೆಗಳು ಉರ್ದುವಿನಲ್ಲೂ ಕನ್ನಡದಲ್ಲೂ ಉಂಟು. ಅವಳು ಹಾಸ್ಯ ಮಾಡುವ, ಸುಳ್ಳು ಹೇಳುವ, ಗದರಿಸುವ ಕಥೆ ಎಷ್ಟಿವೆ?

ನಮ್ಮ ಪರಂಪರೆ ಈ ವಿಷಯದಲ್ಲಿ ಬಡವಾಗಿಲ್ಲ. ಮಾತು ಬಾರದವರ ರೂಢಿಯ ಸನ್ನೆಯನ್ನು ಬಾಯಿಮಾತಿಗೆ ಸಮ ಎಂದು ಫಿಕ್ಹ್ ಒಪ್ಪಿದೆ. 1869ರಿಂದ 1876ರ ನಡುವೆ ಆಟೋಮನ್ ಸಾಮ್ರಾಜ್ಯ ಸಂಕಲಿಸಿದ ‘ಮಜಲ್ಲಾ’ ಎಂಬ ನಾಗರಿಕ ಸಂಹಿತೆಯ 70ನೆಯ ಕಲಮು ಇದನ್ನೇ ಹೇಳುತ್ತದೆ. ಅಂದರೆ ಮಿಲಾನಿನಲ್ಲಿ ಸನ್ನೆಯನ್ನು ಹೊರಹಾಕುವ ಕೆಲವೇ ವರ್ಷಗಳ ಮೊದಲು, ಇಸ್ತಾಂಬುಲಿನಲ್ಲಿ ಸನ್ನೆಗೆ ಕಾನೂನಿನ ಬೆಲೆ ಇತ್ತು. ನಿಕಾಹ್‌ನಲ್ಲಿ ಕಿವುಡನ ಸನ್ನೆ ‘ಕುಬೂಲ್ ಹೈ’ ಎಂಬ ಮಾತಿಗೆ ಸಮವಾದರೆ, ಜಮಾತಿನ ಸಭೆಯಲ್ಲಿ ಅವನ ಸನ್ನೆ ಏಕೆ ಒಂದು ಅಭಿಪ್ರಾಯವಾಗಬಾರದು? ಜುಮಾದ ಖುತ್ಬಾ ಅವನಿಗೆ ಏಕೆ ತಲುಪಬಾರದು? ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನಲ್ಲಿ ಖುತ್ಬಾವನ್ನು ಸನ್ನೆಗೆ ಅನುವಾದಿಸುವ ವ್ಯವಸ್ಥೆಯ ಮಸೀದಿ ತೆರೆದಾಗ ಪತ್ರಿಕೆಗಳು ಅದನ್ನು ವಿಶೇಷ ಸುದ್ದಿಯಾಗಿ ಬರೆದವು. ಅದು ಸುದ್ದಿಯಾಯಿತು ಎಂಬುದೇ ನಾವು ಯೋಚಿಸಬೇಕಾದ ಸಂಗತಿ.

ಹಾಗಾದರೆ ಕೇಳುವವರು ಬಾಯಿ ಮುಚ್ಚಿ ಕೂರಬೇಕೆ? ಖಂಡಿತ ಇಲ್ಲ. 2011ರ ಜನಗಣತಿ ನಮ್ಮ ದೇಶದಲ್ಲಿ ಶ್ರವಣದೋಷ ಉಳ್ಳವರನ್ನು 50 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿತು. ಅಷ್ಟು ದೊಡ್ಡ ಸಮುದಾಯಕ್ಕೆ ಜೊತೆಗಾರರು ಬೇಕೇ ಬೇಕು. ಆದರೆ ಜೊತೆಗಾರನಿಗೂ ಒಂದು ಪರೀಕ್ಷೆ ಇರಲಿ: ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೋ ಅವರಿಗೆ ನನ್ನನ್ನು ತೆಗೆದುಹಾಕುವ ಅಧಿಕಾರ ಇದೆಯೇ? ಇದ್ದರೆ ನಾನು ವಕೀಲ. ಇಲ್ಲದಿದ್ದರೆ, ನನ್ನ ಮರುಕ ಎಷ್ಟೇ ದೊಡ್ಡದಿರಲಿ, ನಾನು ಅವರ ಮೇಲೆ ಕೂತ ಇನ್ನೊಬ್ಬ ಯಜಮಾನ.

ಕನ್ನಡದಲ್ಲಿ ‘ಜಾಣಕಿವುಡು’ ಎಂಬ ಒಳ್ಳೆಯ ಮಾತೊಂದಿದೆ. ಕೇಳಿಸಿದರೂ ಕೇಳಿಸದವರಂತೆ ಇರುವುದು. ಆ ಕಿವುಡು ಕಿವಿ ಇರುವವರಿಗೆ ಮಾತ್ರ ಬರುವಂಥದ್ದು, ಅದಕ್ಕೆ ಮೆಷಿನ್ ಇಲ್ಲ, ಆಪರೇಷನ್ ಇಲ್ಲ. ನಿಮ್ಮ ಊರಿನಲ್ಲಿ ಮುಂದಿನ ಸಲ ಕಿವುಡರಿಗಾಗಿ ಸಭೆ ನಡೆದಾಗ ವೇದಿಕೆಯ ಮೇಲಿನ ಕುರ್ಚಿಗಳನ್ನು ಎಣಿಸಿ. ಅದರಲ್ಲಿ ಕಿವುಡರ ಕುರ್ಚಿ ಎಷ್ಟು ಎಂದು ನೋಡಿ. ಒಂದೂ ಕಾಣದಿದ್ದರೆ ಸಂಘಟಕರನ್ನು ಕರೆದು ಕೇಳಿ: ‘ಭಾಯ್, ನಿಮ್ಮ ವಕಾಲತ್ತುನಾಮೆ ಎಲ್ಲಿದೆ?’